ಬೇವಿನ ಬುಡದ ದೀಪ

ಮಂಗಳೂರು
೧೭ ಜನವರಿ ೨೦೨೫, ಶುಕ್ರವಾರ

ಕಲಾವತಿ ಅಕ್ಕಗ,

ಫೋನ್ ಮಾಡಿದ್ರ ಅತ್ತಿಯವರು ಸ್ಪೀಕರ್ ಹಾಕು ಅಂತಾರ. ವಾಯ್ಸ್ ಕಳಿಸಿದ್ರ ನಿಮ್ಮ ಮಗಳು ರಾಣಿ ಜೋರು ಇಟ್ಟು ಮನಿಮಂದಿಗೆಲ್ಲ ಕೇಳಿಸ್ತಾಳ. ಅದಕ್ಕ ಇಷ್ಟುದ್ದ ಟೈಪ್ ಮಾಡ್ಲಿಕತ್ತೀನಿ. ಒಂದೇ ಮನಿ ಓರಗಿತ್ತಿಯರು ಪತ್ರ ಬರಕೋತಾರಂತ ಯಾರಿಗರೆ ಗೊತ್ತಾದ್ರ ನಕ್ಕಾರು. ನಗಲಿ ಬಿಡ್ರಿ.

ಯಶವಂತಪುರದಾಗ ಗಾಡಿ ಹತ್ತಿದಾಕಿ ಕಣ್ಣು ಬಿಟ್ಟಾಗ ಎರಡೂ ಕಡಿ ಹಸಿರು. ನಮ್ಮ ರೂಮು ಬಂದರಿನ ಹತ್ತಿರ ಅದ. ಕಿಟಕಿ ತೆಗೆದ್ರ ದೋಣಿ, ಐಸು, ಬೈಗುಳ, ಮತ್ತ ಮೀನಿನ ವಾಸನಿ. ತತ್ತಿ ಒಡದ ಪಾತ್ರಿ ಸೈತ ಮುಟ್ಟದ ನನ್ನ ತಂದು ಇಲ್ಲಿ ಇಳಿಸ್ಯಾರ ನೋಡ್ರಿ ನಿಮ್ಮ ಮೈದುನ. ಇವರಂತೂ ಮೂರು ಹೊತ್ತೂ ಮೀನ ತಿಂತಾರ. ಆದ್ರ ತಿಂದ ಮ್ಯಾಲ ಹಲ್ಲು ತಿಕ್ಕಿ, ಬಾಯಾಗ ಲವಂಗ ಇಟ್ಕೊಂಡು ನನ್ನ ಬಾಜೂ ಬಂದು ಕೂಡ್ತಾರ. ನಾ ಏನೂ ಅಂದಿದ್ದಿಲ್ಲ, ತಾವಾಗೇ ಮಾಡಿದ್ರು. ಕೂಸು ಹೋದ ಮ್ಯಾಲ ಈ ಒಂದು ವರ್ಷದಾಗ ಇವರು ನನ್ನ ಕೈ ಹಿಡದು ರಸ್ತಾ ದಾಟಿದ್ದು ಇದೇ ಮೊದಲು.

ಅಕ್ಕಾ, ದೀಪ ಮರೀಬ್ಯಾಡ್ರಿ. ಸಂಜಿಮುಂದ, ಹಿತ್ತಲ ಬೇವಿನ ಬುಡಕ್ಕ. ಎಣ್ಣಿ ಸಣ್ಣ ಸ್ಟೀಲ್ ಗಿಂಡ್ಯಾಗ ಅದ, ಬತ್ತಿ ಇವರೇ ಹೊಸೆದು ಡಬ್ಬಿ ತುಂಬಿಟ್ಟಾರ.

ನಿಮಗ ಗೊತ್ತಿಲ್ಲದ್ದೇನದ? ಹಲ್ಲು ಬರದ ಕೂಸಿಗೆ ತಿಥಿ ಇಲ್ಲ, ಕಲ್ಲಿಲ್ಲ, ಹಡದಾಕಿಗೆ ಜಾಗ ಹೇಳಬಾರದು, ಹೇಳಿದ್ರ ಮುಂದಿನ ಬಸಿರು ನಿಲ್ಲೂದಿಲ್ಲ ಅಂತ ನಿಮ್ಮ ಮನ್ಯಾಗ ಪದ್ಧತಿ. ದುಡೀಲಿಕ್ಕಂತ ಬಡಗಣ ಸೀಮಿಯಿಂದ ಚಿಕ್ಕಬಾಣಾವರಕ್ಕ ಬಂದ ನಮ್ಮ ಮಂದ್ಯಾಗ ಹಂಗಿಲ್ರಿ. ಮಣ್ಣು ಮಾಡಿದ ಜಾಗಕ್ಕ ಹೋಗಿ ವಿಭೂತಿ ಹಚ್ಚಿ, ದೀಪ ಇಟ್ಟು, ಮಾತಾಡಿಸಿ ಬರ್ತೀವಿ. ಗಂಡಸರು ನನ್ನ ಹನ್ನೊಂದು ದಿನದ ಮಗಳನ್ನ ಟವೆಲ್ಲಿನಾಗ ಸುತ್ತಿಕೊಂಡು ಹೋದ್ರು, ಬಂದು ಜಳಕ ಮಾಡಿದ್ರು, ಮುಗೀತು. ನಾ ಗೋಡಿಗೆ ತಲಿ ಹೊಡಕೊಂಡಾಗ ಕೈ ಹಿಡದು ಕರಕೊಂಡು ಹೋಗಿ, "ಇಲ್ಲೇ ಕಣೆ, ಈ ಬೇವಿನ ಬುಡದಲ್ಲಿ" ಅಂತ ತೋರಿಸಿದಾಕಿ ನೀವೊಬ್ಬಾಕಿ. ಆವತ್ತ ನಾ ಒಂದು ತುತ್ತು ಉಂಡೆ. ಸಾಯೂತನಕ ಮರೆಯೂದಿಲ್ಲ.

ಭಾವನವರು ಆ ಹಿತ್ತಲದಾಗ ಪಿಜಿ ಕಟ್ಟೂ ಮಾತು ಮತ್ತ ತೆಗೆದ್ರ, ನಾ ಬರೂತನಕ ತಡೀರಿ. ಮತ್ತ ಅಕ್ಕಿ ತೊಳದ ನೀರು ಚೆಲ್ಲುವಾಗ ದೀಪದ ಮ್ಯಾಲ ಬೀಳದಂಗ ನೋಡ್ರಿ. ದಿನಾ ಅಲ್ಲೇ ಚೆಲ್ತೀರಿ, ನಿಮಗ ಆ ಗಿಡದ ಮ್ಯಾಲ ಅದೇನು ಜೀವನೋ!

ಭಾನುವಾರ ಸಂಜಿಗೆ ಇಲ್ಲಿಂದ ಹೊರಡ್ತೀವಿ.

ನಿಮ್ಮ
ರಕ್ಷಾ


ಪುಟ್ಟೇನಹಳ್ಳಿ, ಯಲಹಂಕ
೧೮ ಜನವರಿ, ಶನಿವಾರ

ರಕ್ಷಾ,

ಏನಮ್ಮಾ ಇದು, ಪತ್ರಾನೋ ಪುರಾಣಾನೋ! ಓದೋ ಅಷ್ಟರಲ್ಲಿ ಒಲೆ ಮೇಲಿನ ಹಾಲು ಉಕ್ಕೋಯ್ತು. ಅತ್ತೆ ಕೈಲಿ ಬೈಸ್ಕೊಂಡಿದ್ದು ನಿನ್ನ ಲೆಕ್ಕಕ್ಕೆ ಬರ್ಕೋ.

ನಮ್ ನಾಗೇಶ ಲವಂಗ ಅಗೀತಾನಾ? ಇಲ್ಲಿ ವಾಟರ್ ವಾಶ್ ಅಂಗಡಿಯಿಂದ ಬಂದ್ರೆ ಕಾಲು ತೊಳೀದೆ ಸೋಫಾ ಮೇಲೆ ಬೀಳೋನು. ಊರು ಬಿಟ್ರೆ ಗಂಡಸ್ರಿಗೆ ಬುದ್ಧಿ ಬರ್ತದೆ ಅಂತ ಗೊತ್ತಿದ್ರೆ ನಾನೂ ನಿಮ್ ಭಾವನ್ನ ಎಲ್ಲಾದ್ರೂ ಕರ್ಕೊಂಡು ಹೋಗ್ತಿದ್ದೆ. ಮದುವೆಯಾದ ಹೊಸದ್ರಲ್ಲಿ ನಂದಿ ಬೆಟ್ಟಕ್ಕೆ ಅಂತ ಹೊರಟು, ದೇವನಹಳ್ಳಿಲಿ ಅವರಿಗೆ ಜಲ್ಲಿ ಲಾರಿಯೋನು ಯಾರೋ ಸಿಕ್ಕಿ, ಅಲ್ಲಿಂದಾನೇ ವಾಪಸ್ ಬಂದೋಳು ನಾನು. ನನ್ ಹನಿಮೂನು ಅಷ್ಟೇ.

ದೀಪ ಹಚ್ಚಿದೀನಿ. ಹಚ್ಚದೆ ಎಲ್ಲೋಗ್ಲಿ? ನೀನು ಹೇಳಿದ ಗಿಂಡೀಲೇ ಎಣ್ಣೆ, ನಿನ್ ಗಂಡ ಹೊಸೆದ ಬತ್ತೀನೇ. ಗಾಳಿ ಇರ್ಲಿಲ್ಲ, ತುಂಬ ಹೊತ್ತು ಉರೀತು. ಅಡುಗೆಮನೆ ಕಿಟಕಿಯಿಂದ ನೋಡ್ತಾನೇ ಇದ್ದೆ. ಅಕ್ಕಿ ತೊಳೆದ ನೀರು ಗಿಡಕ್ಕೆ ತಂಪು ಅಂತ ಚೆಲ್ತೀನಿ ಕಣೆ, ಜೀವ ಗೀವ ಏನೂ ಇಲ್ಲ. ಮೋರಿಗೆ ಹೋಗೋದು ಮಣ್ಣಿಗೆ ಹೋಗ್ಲಿ ಅಂತ.

ಅತ್ತೆ ನಿನ್ನೆ, "ಕಡಲು ನೋಡಿ ಬಂದೋಳು ಮುದ್ದೆ ನುಂಗೋದು ಮರೆತು ಬಂದಾಳು" ಅಂದ್ರು. ಮಾವ ಬ್ಯಾಟರಾಯಪ್ಪನೋರು ಎಂದಿನಂಗೆ ಜಗಲಿ ಮೇಲೆ ಪೇಪರ್ರು, ಕೆಮ್ಮು. ನಿಮ್ ಭಾವ ಯಾಕೋ ಒಳ್ಳೇ ಖುಷೀಲಿ ಓಡಾಡ್ತಾವ್ರೆ.

ಒಂದು ಮಾತು ಹೇಳ್ಲಾ? ಅಷ್ಟು ದೂರ ಹೋಗಿದೀರ, ಭಾನುವಾರವೇ ಯಾಕೆ ಓಡಿ ಬರ್ತೀರ? ಇಲ್ಲೇನ್ ನಿಮಗೋಸ್ಕರ ಕರು ಕಟ್ಟಾಕಿದೀವಾ? ಇನ್ನೆರಡು ಮೂರು ದಿನ ಇದ್ದು ಬನ್ನಿ. ಹೋದ ವರ್ಷ ಪೂರ್ತಿ ಮುಖ ಗಂಟಿಕ್ಕೊಂಡಿದ್ದೋಳು ಈಗ ನಗ್ತಿದೀಯ, ನಗು. ಗಂಡ ಕೈ ಹಿಡಿದಾಗ್ಲೇ ರಸ್ತೆ ದಾಟ್ಕೋಬೇಕು ಕಣೆ.

ಕಲಾವತಿ


ಮಂಗಳೂರು
೧೯ ಜನವರಿ, ಭಾನುವಾರ, ಮಧ್ಯಾಹ್ನ

ಅಕ್ಕಾ,

ನಿಮ್ಮ ಬಾಯಾಗ ಸಕ್ಕರಿ ಹಾಕ್ತೀನಿ! ನಾ ಇವರ ಮುಂದ ಬಾಯೇ ಬಿಟ್ಟಿಲ್ಲ, ಮುಂಜಾನೆ ಎದ್ದಾವ್ರೇ, "ಟಿಕೆಟ್ ಬುಧವಾರಕ್ಕೆ ಮಾಡಿಸಿದೀನಿ, ಇನ್ನೂ ಮೂರು ದಿನ ಇದ್ದು ಹೋಗೋಣ" ಅಂದ್ರು. ನನಗ ನಗುನೂ ಬಂತು, ಅಳುನೂ ಬಂತು. ಅಂಗಡಿ ಕತಿ ಏನು ಅಂದ್ರ, "ಅಂಗಡಿ ಎಲ್ಲಿಗೂ ಓಡೋಗಲ್ಲ, ನೀನು ಮುಖ್ಯ" ಅಂದ್ರು. ನೀವೇನರೆ ಹಿಂದಿಂದ ಹೇಳಿ ಕೊಟ್ರೇನು? ಹೇಳಿಕೊಟ್ಟಿದ್ರೂ ಸರಿ, ಇಲ್ಲ ಅಂತನ ಹೇಳ್ರಿ ನನಗ.

ನಿನ್ನೆ ಸುಲ್ತಾನ್ ಬತ್ತೇರಿಯಿಂದ ದೋಣಿಯಾಗ ಕೂತು ತಣ್ಣೀರುಬಾವಿ ದಂಡಿಗೆ ಹೋಗಿದ್ವಿ. ದೋಣಿ ಅಲುಗ್ಯಾಡಿದಾಗ ನಾ ಚೀರಿದ್ದಕ್ಕ ಮೀನು ಬುಟ್ಟಿ ಇಟ್ಕೊಂಡು ಕೂತಿದ್ದ ಹೆಂಗಸೊಬ್ಬಾಕಿ ತುಳುವಿನಾಗ ಏನೋ ಬೈದಳು. ಆಮ್ಯಾಲ ಆಕಿನ ನನ್ನ ತೋಳು ಹಿಡದು ಕೂಡಿಸಿದಳು. ಸಂಜಿಗೆ ಗಡ್‌ಬಡ್ ಐಸ್‌ಕ್ರೀಂ ತಿನ್ನಿಸಿದ್ರು ಇವರು. ನಡುವ ಒಮ್ಮೆ ಭಾವನವರ ಫೋನ್ ಬಂತು. ಇವರು ಎದ್ದು ದೂರ ಹೋಗಿ, ಗ್ವಾಡಿಕಡಿ ಮುಖ ಮಾಡಿ ಮಾತಾಡಿದ್ರು. ಹೆಂಡತಿ ಕೂಡ ಇನ್ನೂ ಇರ್ತೀನಿ ಅನ್ನಲಿಕ್ಕ ಅಣ್ಣನ ಮುಂದ ನಾಚಿಕಿ ಇರಬೇಕು. ಪಾಪ.

ಅಕ್ಕಾ, ಮುಖ್ಯ ಮಾತು ಈಗ ಹೇಳ್ತೀನಿ. ಇಲ್ಲಿ ಗಾಳಿಗೆ ಕೂತು ಭಾಳ ಯೋಚನಿ ಮಾಡೀನಿ. ಭಾವನವರು ಪಿಜಿ ಕಟ್ಟಲಿ. ನನ್ನ ಹಟಕ್ಕ ಅವರ ಕೆಲಸ ಯಾಕ ನಿಲ್ಲಬೇಕು? ಬೇವಿನ ಬುಡದ ಜಾಗ ಒಂದು ಬಿಟ್ರ ಸಾಕು, ಸೆರಗು ಹಾಸೂವಷ್ಟು. ಗಿಡ ಬೇಕಾದ್ರ ಕಡೀಲಿ, ಬುಡ ತೋಡೂದು ಬ್ಯಾಡ. ಅಲ್ಲೊಂದು ಸಣ್ಣ ಕಲ್ಲು ಕೂಡ್ರಿಸಿ, ಮಗಳಿಗೆ ನಾ ಮನಸಿನಾಗ ಇಟ್ಟ ಹೆಸರು ಚಿನ್ಮಯಿ ಅಂತ ಕೆತ್ತಸೋಣ. ಇವರಿಗೂ ಹೇಳ್ದೆ. "ಅಯ್ಯೋ, ಈಗ ಆ ಮಾತು ಬಿಡೆ" ಅಂದು ಕಡಲು ನೋಡಕೋತ ಕೂತ್ರು. ಅವರಿಗೂ ಸಂಕಟ ಆಗ್ತದಲ್ರಿ.

ಭಾವನವರ ಎದುರು ನಿಂತು ಮಾತಾಡ್ಲಿಕ್ಕ ನನಗ ಬಾಯಿ ಬರೂದಿಲ್ಲ. ನೀವು ಹೇಳ್ರಿ. ಇವತ್ತನ ಹೇಳ್ರಿ ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ.

ರಕ್ಷಾ


ಪುಟ್ಟೇನಹಳ್ಳಿ
೧೯ ಜನವರಿ, ಭಾನುವಾರ, ಸಂಜೆ

ರಕ್ಷಾ,

ಓದಿದೆ. ನಿಮ್ ಭಾವ ಎಲ್ಲೋ ಹೊರಗೋಗವ್ರೆ, ಬರೋದು ಯಾವಾಗ್ಲೋ. ಒಳ್ಳೇ ಯೋಚನೆ ಮಾಡಿದೀಯ. ಆದ್ರೆ ಇಂಥ ಮಾತು ನಡುವೆ ಒಬ್ರು ನಿಂತು ಹೇಳಿದ್ರೆ ಕೆಡ್ತದೆ. ಮುಖ ಕೊಟ್ಟು ನೀನೇ ಬಂದ್ ಹೇಳು, ಅದೇ ಚೆಂದ.

ಕಲ್ಲು, ಹೆಸ್ರು ಅಂತೆಲ್ಲ ಈಗ್ಲೇ ಯಾರ ಹತ್ರನೂ ಅನ್ಬೇಡ. ಅತ್ತೆ ಕಿವಿಗೆ ಬಿದ್ರೆ ಆಯ್ತು.

ಅವರೆಕಾಯಿ ಸೊಗಡು ಈ ಸಲ ಚೆನ್ನಾಗೈತೆ. ಹಿತಕಿದ ಬೇಳೆ ಸಾರು ಮಾಡಿದ್ದೆ. ಸುಲಿದೂ ಸುಲಿದೂ ಉಗುರು ಕಪ್ಪಾಗಿ, ಟೈಪ್ ಮಾಡೋಕ್ಕೂ ಆಗ್ತಿಲ್ಲ. ದೀಪ ಹಚ್ಚಿದೀನಿ.

ಕಲಾವತಿ


ಮಂಗಳೂರು
೨೦ ಜನವರಿ, ಸೋಮವಾರ

ಅಕ್ಕಾ,

ಮುಂಜಾನಿಯಿಂದ ನಿಮಗ ಫೋನ್ ಹಚ್ಲಿಕತ್ತೀನಿ, ಎತ್ತೂದಿಲ್ಲ. ಲ್ಯಾಂಡ್‌ಲೈನಿಗೆ ಮಾಡಿದ್ರ ರಾಣಿ ಎತ್ತಿದಳು. ಹಿಂದ ಗುರ್‍ರ್ ಅಂತ ದೊಡ್ಡ ಮಶೀನ್ ಸಪ್ಪಳ. ಏನವ್ವಾ ಅದು ಅಂದ್ರ, "ಚಿಕ್ಕಮ್ಮಾ, ಹಿತ್ತಲಲ್ಲಿ..." ಅಂದಳು, ಅಷ್ಟರಾಗ ಅತ್ತಿಯವರು ಕಸಕೊಂಡು, "ಏನೂ ಇಲ್ಲ, ನೀರಿನ ಪೈಪು" ಅಂತ ಇಟ್ಟುಬಿಟ್ರು. ಇವರನ್ನ ಕೇಳಿದ್ರ, "ನೀನು ರಜೆಗೆ ಬಂದಿದೀಯೋ, ಮನೆ ಕಾಯೋಕ್ಕೆ ಬಂದಿದೀಯೋ" ಅಂತ ಸಿಡುಕಿದ್ರು. ಆಮ್ಯಾಲ ಪಶ್ಚಾತ್ತಾಪ ಆತೋ ಏನೋ, ಪ್ಯಾಟಿಗೆ ಕರಕೊಂಡು ಹೋಗಿ ಸೀರಿ ಕೊಡಿಸಿದ್ರು. ನಾ ಕೇಳಿದ್ದಿಲ್ಲ. ನೀಲಿ ಬಣ್ಣ, ನನಗ ಒಪ್ಪೂದಿಲ್ಲ.

ಪೈಪೋ ಮಣ್ಣೋ ನನಗೇನೂ ಬ್ಯಾಡ. ಸಂಜಿ ದೀಪ ಹಚ್ಚಿದ ಮ್ಯಾಲ ಒಂದು ಫೋಟೋ ತಗದು ಕಳಿಸ್ರಿ. ಅಷ್ಟು ನೋಡಿದ್ರ ಸುಮ್ಮನ ಆಗ್ತೀನಿ.

ರಕ್ಷಾ


ಪುಟ್ಟೇನಹಳ್ಳಿ
೨೦ ಜನವರಿ, ಸೋಮವಾರ, ಸಂಜೆ

ರಕ್ಷಾ,

ಫೋಟೋ ಕಳಿಸಿದೀನಿ, ಕಣ್ತುಂಬ ನೋಡ್ಕೋ. ಸದ್ದು ಪಕ್ಕದ ವಾಸು ಸೈಟಿಂದು. ಅವನು ಸಂಪು ತೋಡಿಸ್ತಾವ್ನೆ. ಧೂಳೋ ಧೂಳು, ಒಣಗಾಕಿದ ಬಟ್ಟೆ ಎಲ್ಲ ಕೆಮ್ಮಣ್ಣು. ಅದಕ್ಕೇ ಫೋನ್ ಕೇಳಿಸ್ಲಿಲ್ಲ.

ಅಲ್ಲಾ, ಇಷ್ಟು ಅನುಮಾನ ಇಟ್ಕೊಂಡೋಳು ಮನೆಲೇ ಬಿದ್ದಿರ್ಬೇಕಿತ್ತು. ಗಂಡ ಸೀರೆ ಕೊಡಿಸಿದ್ರೂ ಕೊರಗು, ಕೊಡಿಸ್ದೆ ಇದ್ರೂ ಕೊರಗು. ನಂಗ್ಯಾರೂ ನೀಲೀನೂ ಕೊಡಿಸ್ಲಿಲ್ಲ, ಕೆಂಪೂ ಕೊಡಿಸ್ಲಿಲ್ಲ. ಉಟ್ಕೊಂಡು ಸುಮ್ನೆ ಬಾ.

ಕಲಾವತಿ


ಮಂಗಳೂರು
೨೧ ಜನವರಿ, ಮಂಗಳವಾರ

ಕಲಾವತಿಯವರಿಗೆ,

ಫೋಟೋ ನೋಡಿದೆ. ದೀಪದ ಬಾಜೂಕ ಒಂದು ಕಬ್ಬಿನ ತುಂಡು, ಚಿಟಿಕಿ ಎಳ್ಳು ಬೆಲ್ಲ ಅದ. ಸಂಕ್ರಾಂತಿ ದಿನ ಮಗಳಿಗಂತ ನಾನ ಇಟ್ಟಿದ್ದೆ. ಇರುವಿ ಮುತ್ತಿದ್ದಕ್ಕ, ಊರಿಗೆ ಹೊರಡೂ ಮೊದಲು ನಾನ ತಗದು ಒಗದು ಬಂದಿದ್ದೆ. ಹಳೇ ಫೋಟೋ ಕಳಿಸೂ ಮುಂದ ಅಷ್ಟರೆ ನೋಡಬಾರದೇನ್ರಿ? ನನ್ನ ಅಷ್ಟು ದಡ್ಡಿ ಅಂತ ತಿಳದೀರಿ.

ಬಂದರಿನ ಕಟ್ಟಿ ಮ್ಯಾಲ ಕೂಡಿಸಿ ಇವರ ಕಣ್ಣ ಮುಂದ ಫೋನ್ ಹಿಡದೆ. ಎದುರಿಗೆ ಮಂದಿ ದೋಣಿಯಿಂದ ಮೀನ ಇಳಿಸ್ಲಿಕತ್ತಿದ್ರು. ಇವರು ಆ ಮೀನ ನೋಡಕೋತ ಹೇಳಿದ್ರು, ನನ್ನ ಮುಖ ನೋಡ್ಲಿಲ್ಲ. ನಿನ್ನೆ ಮುಂಜಾನೆ ಜೆಸಿಬಿ ಬಂತಂತ. ಭಾನುವಾರ ಖಾಲಿ ಇರ್ಲಿಲ್ಲಂತ, ಅದಕ್ಕ ನಮ್ಮ ಟಿಕೆಟ್ ಮುಂದ ಹೋತಂತ. ನನ್ನ ಊರ ಹೊರಗ ಇಡೂದಕ್ಕ ಮಂಗಳೂರು. ಕೈ ಹಿಡದು ರಸ್ತಾ ದಾಟಿಸಿದ್ದು ಅದಕ್ಕ. ಲವಂಗ ಅದಕ್ಕ. ಗಡ್‌ಬಡ್ ಅದಕ್ಕ. "ಇನ್ನೆರಡು ಮೂರು ದಿನ ಇದ್ದು ಬನ್ನಿ" ಅಂತ ನೀವು ಬರದದ್ದೂ ಅದಕ್ಕ.

ನಾ ಚೀರಿ ಅತ್ತೆ. ಆಗ ಇವರು ನನ್ನ ಸಮಾಧಾನ ಮಾಡ್ಲಿಕ್ಕ ಅಂತ ಇನ್ನೊಂದು ಮಾತು ಹೇಳಿದ್ರು. ಸಮಾಧಾನ ಮಾಡ್ಲಿಕ್ಕ! "ಅಳ್ಬೇಡ್ವೆ, ಅಲ್ಲಿ ಏನೂ ಇರ್ಲಿಲ್ಲ. ಮಗೂನ ನಾವು ಕೆರೆ ಆಚೆ ತೋಪಲ್ಲಿ ಮಣ್ಣು ಮಾಡಿದ್ದು. ಅತ್ತಿಗೆ ನಿನ್ನ ಸಮಾಧಾನಕ್ಕೆ ಏನೋ ಒಂದು ಜಾಗ ತೋರಿಸಿದ್ರು" ಅಂದ್ರು. ತೋಪಿನಾಗ ಯಾವ ಗಿಡದ ಬುಡಕ್ಕ ಅಂತ ಕೇಳಿದೆ. ನೆನಪಿಲ್ಲಂತ. ಸ್ವಂತ ಮಗಳನ್ನ ಇಟ್ಟು ಬಂದ ಮನುಷ್ಯಗ ಗಿಡ ನೆನಪಿಲ್ಲ. ತಿರುಗಿ ನೋಡಬಾರದಂತ ಪದ್ಧತಿ, ಅದಕ್ಕ ನೋಡ್ಲಿಲ್ಲಂತ.

ಒಂದು ವರ್ಷ ಈ ಮನುಷ್ಯ ನನ್ನ ಬಾಜೂ ಕೂತು ಬತ್ತಿ ಹೊಸೆದು ಕೊಟ್ಟಾನ. ನೀವು ಕಿಟಕಿಯಾಗ ನಿಂತು ನೋಡೀರಿ. ನಾ ಖಾಲಿ ಮಣ್ಣಿನ ಮುಂದ ಕೂತು ಜೋಗುಳ ಹಾಡ್ತಿದ್ದೆ, ನೀವೆಲ್ಲ ಒಳಗ ಉಂಡು ಮಲಗ್ತಿದ್ರಿ. ಇಂಥ ಸುಳ್ಳು ಹೇಳ್ಲಿಕ್ಕ ನಿಮ್ಮ ನಾಲಗಿ ಹ್ಯಾಂಗ ಹೊರಳ್ತು? ನೀವು ಹಡದಾಕಿ ಹೌದೋ ಅಲ್ಲೋ? ರಾಣಿನ್ನ ಕಳಕೊಂಡಿದ್ರ ಗೊತ್ತಾಗ್ತಿತ್ತು ನಿಮಗ, ಕೂಸು ಹೋಗೂದು ಅಂದ್ರೇನಂತ. ನಿಮ್ಮ ಹೊಟ್ಟಿ ತಣ್ಣಗದ, ಅದಕ್ಕ ಮಂದಿ ಹೊಟ್ಟಿ ಸುಟ್ಟು ಬೆಚ್ಚಗ ಕೂತೀರಿ.

ನಿಮ್ಮನ್ನ ಅಕ್ಕ ಅಂದೆನಲ್ಲ, ನನ್ನ ಬಾಯಿಗೆ ನಾನ ಬಡಕೋಬೇಕು.

ರಕ್ಷಾ


ಪುಟ್ಟೇನಹಳ್ಳಿ
೨೨ ಜನವರಿ, ಬುಧವಾರ

ರಕ್ಷಾ,

ಬೈದೆಯಾ? ಹೊಟ್ಟೆ ತಣ್ಣಗಾಯ್ತಾ? ಈಗ ನನ್ ಸರದಿ, ಕೇಳು.

ಅದು ಖಾಲಿ ಮಣ್ಣಲ್ಲ ಕಣೆ. ಅಲ್ಲಿದ್ದೋನು ನನ್ ಮಗ.

ರಾಣಿಗಿಂತ ಮುಂಚೆ. ನೀನು ಆಗ ಚಿಕ್ಕಬಾಣಾವರದಲ್ಲಿ ನಿಮ್ಮವ್ವನ ಸೆರಗು ಹಿಡ್ಕೊಂಡು ಸ್ಕೂಲಿಗೆ ಹೋಗ್ತಿದ್ದೆ. ಎಂಟು ತಿಂಗಳಿಗೆ ನೋವು ಬಂತು, ಮನೇಲಿ ಗಂಡಸ್ರು ಯಾರೂ ಇರ್ಲಿಲ್ಲ. ಹುಟ್ತಾನೇ ಅಳ್ಲಿಲ್ಲ. ಅತ್ತೆ ನಂಗೆ ಮುಖಾನೂ ತೋರಿಸ್ಲಿಲ್ಲ. ಹೊತ್ತು ಮುಳುಗ್ತಿತ್ತು. ನಾನು ಗೋಡೆ ಹಿಡ್ಕೊಂಡು ಎದ್ದು, ಬಚ್ಚಲಿನ ಗವಾಕ್ಷಿಯಿಂದ ನೋಡಿದೆ. ಅತ್ತೆ, ಸೂಲಗಿತ್ತಿ ಮುದುಕಿ, ಇಬ್ರೂ ಸೇರ್ಕೊಂಡು ಬೇವಿನ ಬುಡದಲ್ಲಿ ತೋಡ್ತಿದ್ರು. ಆಮೇಲೆ ಅತ್ತೆ ಒಳಗೆ ಬಂದು ಕೈ ತೊಳ್ಕೊಂಡು, "ಊರಾಚೆ ಕಳಿಸ್ದೆ, ಇನ್ನು ಅದರ ಮಾತು ಎತ್ತಬೇಡ" ಅಂದ್ರು. ನಾನು ನೋಡಿದ್ದು ಅವರಿಗೂ ಗೊತ್ತಿಲ್ಲ, ನಿಮ್ ಭಾವಂಗೂ ಗೊತ್ತಿಲ್ಲ. ಈ ಮನೆಗೆ ಹಿರೀ ಸೊಸೆ ಕಣೆ ನಾನು. ಪದ್ಧತಿ ಕಾಯ್ಬೇಕಾದೋಳು. ಗೋಡೆಗೆ ತಲೆ ಹೊಡ್ಕೊಳ್ಳೋ ಭಾಗ್ಯ ನಂಗಿರ್ಲಿಲ್ಲ.

ಅದಕ್ಕೇ ಅಕ್ಕಿ ತೊಳೆದ ನೀರು ಅಲ್ಲಿ ಚೆಲ್ತಿದ್ದೆ. ಹಾಲು ಸುರಿದ್ರೆ ಯಾಕೆ ಅಂತಾರೆ. ಅಕ್ಕಿ ನೀರೂ ಬೆಳ್ಳಗಿರ್ತದೆ, ಯಾರೂ ಕೇಳಲ್ಲ.

ಆಮೇಲೆ ನೀನು ಬಂದೆ. ನಿಂದು ಹೋಯ್ತು. ನೀನು ಬೀದಿಗೆ ಕೇಳಿಸೋಹಂಗೆ ಗೋಳಾಡ್ದೆ. ನಿಮ್ಮವ್ವ ಕಾಶವ್ವ ಬಂದು ಅತ್ತರು, ನಿಮ್ಮಪ್ಪ ಅತ್ತರು, ಎಲ್ರೂ ನಿನ್ನ ಬಾಯಿಗೆ ಅನ್ನ ಹಿಡ್ಕೊಂಡು ನಿಂತ್ರು. ನಂಗೆ ಮೈಯೆಲ್ಲ ಉರೀತು. ಸುಳ್ಳು ಹೇಳಲ್ಲ, ಉರೀತು. "ಎಲ್ಲಿದಾಳೆ ಹೇಳಿ, ದೀಪ ಹಚ್ತೀನಿ" ಅಂದ್ಯಲ್ಲ, ಆಗ ತಲೆಗೆ ಬಂತು. ಕೈ ಹಿಡಿದು ಕರ್ಕೊಂಡೋಗಿ ನನ್ ಮಗನ ಹತ್ರ ಕೂರಿಸ್ದೆ. ನಿನ್ ಮಗಳು ಎಲ್ಲಾದ್ರೂ ಇರ್ಲಿ, ನನ್ ಮಗನ ತಲೆ ಮೇಲೆ ದಿನಾ ಒಂದು ಬೆಳಕು ಆಗ್ತದಲ್ಲ, ಹಚ್ಲಿ ಅಂದ್ಕೊಂಡೆ. ಕಿಟಕಿಯಿಂದ ನೋಡ್ತಿದ್ದೆ, ಹೌದು. ನೀನು ಹಾಡ್ತಿದ್ಯಲ್ಲ ಜೋಗುಳ, ಅದು ಅವನಿಗೆ ಅಂತ ಕೇಳಿಸ್ಕೊತಿದ್ದೆ. ನಿನ್ನ ತುತ್ತು ನೀನು ಉಂಡೆ, ನನ್ ದೀಪ ನಂಗೆ ಸಿಕ್ತು.

ಭಾನುವಾರ ನಿನ್ ಪತ್ರ ಬಂದಾಗ ನಿಮ್ ಭಾವ ಹೊರಗೋಗಿರ್ಲಿಲ್ಲ. ನಡುಮನೇಲಿ ಕೂತು ಅವರೆಕಾಳು ಸಾರು ಉಣ್ತಿದ್ರು. ನಾನು ಬಡಿಸ್ತಿದ್ದೆ. "ರಕ್ಷಾ ಒಪ್ಪವ್ಳೆ, ಬುಡ ಒಂದು ಬಿಡಬೇಕಂತೆ" ಅಂದಿದ್ರೆ ಬಿಡ್ತಿದ್ರು. ಬಿಡ್ತಿದ್ರು ಕಣೆ, ನಂಗೊತ್ತು. ಅವರಿಗೂ ಮನೇಲಿ ಜಗಳ ಬೇಡವಾಗಿತ್ತು. ಬಾಯಿ ತುದಿಗೆ ಬಂದಿತ್ತು. ಆದ್ರೆ ನೀನು ಕಲ್ಲು ಅಂದೆ. ಚಿನ್ಮಯಿ ಅಂತ ಕೆತ್ತಿಸ್ತೀನಿ ಅಂದೆ. ನನ್ ಮಗನ ಎದೆ ಮೇಲೆ ನಿನ್ ಮಗಳ ಹೆಸ್ರು! ಸಾಯೋತನಕ ಅದನ್ನ ನೋಡ್ತಾ ನಾನು ಅಕ್ಕಿ ತೊಳೀಬೇಕಿತ್ತಾ? ಇನ್ನೊಂದು ಸೌಟು ಸಾರು ಬಡಿಸ್ದೆ, ಬಾಯಿ ಮುಚ್ಕೊಂಡೆ.

ಸೋಮವಾರ ಜೆಸಿಬಿ ಓಡಿಸೋ ನದೀಮ್ ಅನ್ನೋ ಹುಡುಗ ಬುಡದಲ್ಲಿ ಹಣತೆ ನೋಡಿ ಗಾಡಿ ನಿಲ್ಲಿಸ್ದ. ಇಳಿದು ಬಂದು, "ಅಕ್ಕಾ, ದೀಪ ಐತೆ ಇಲ್ಲಿ. ಏನಾದ್ರೂ ದೇವ್ರಾ, ಸಮಾಧಿನಾ? ಇದ್ರೆ ಹೇಳಿ, ಪಕ್ಕದಿಂದ ತೆಗೀತೀನಿ" ಅಂದ. ನನ್ ಕೈಲಿ ಅವನಿಗೆ ಅಂತ ತಂದಿದ್ದ ಕಾಫಿ ಲೋಟ ಇತ್ತು. ಅತ್ತೆ ಜಗಲಿ ಮೇಲಿಂದ ನನ್ನೇ ನೋಡ್ತಿದ್ರು. "ಏನೂ ಇಲ್ಲಪ್ಪ, ನಡೀಲಿ" ಅಂದೆ.

ಅಷ್ಟೇ. ಒಂದೇ ಸಲಕ್ಕೆ ಬೇರು ಸಮೇತ ಎದ್ದುಬಂತು. ಟಿಪ್ಪರಿಗೆ ತುಂಬೋವಾಗ ಮಣ್ಣು ಕೆದಕಿ ಕೆದಕಿ ನೋಡಿದೆ, ಕತ್ತಿನ ಸರ ಬಿದ್ದೋಯ್ತು ಅಂತ ನೆಪ ಹೇಳಿ. ಏನೂ ಸಿಗ್ಲಿಲ್ಲ. ಮಣ್ಣು ಎಲ್ಲಿಗೆ ಹೋಯ್ತು ಅಂತ ಕೇಳಿದ್ರೆ ಹೆಸರಘಟ್ಟ ರಸ್ತೆ ಕಡೆ ಯಾವುದೋ ಹಳ್ಳಕ್ಕೆ ಸುರಿದ್ವಿ ಅಂದ್ರು. ಈಗ ನಿಂಗೂ ಜಾಗ ಇಲ್ಲ, ನಂಗೂ ಇಲ್ಲ. ಸಮಾ ಆಯ್ತು ತಗೋ.

ನಿನ್ನ ಕ್ಷಮೆ ಕೇಳಲ್ಲ. ಒಂದು ಕೆಲ್ಸ ಕೇಳ್ತೀನಿ. ನಾಳೆ ಬೆಳಿಗ್ಗೆ ಬರ್ತೀಯ. ಶುಕ್ರವಾರ ಗುದ್ದಲಿ ಪೂಜೆ, ಆಮೇಲೆ ಕಾಂಕ್ರೀಟು. ಅದಕ್ಕೆ ಮುಂಚೆ ಆ ಗುಂಡಿ ಹತ್ರ ಒಂದೇ ಒಂದು ಸಲ ದೀಪ ಹಚ್ಚು. ನಿಂಗೆ ಸುಳ್ಳು ಹೇಳಿದ್ದೆ, ನೀನು ಹೋದ್ಮೇಲೆ ಒಂದು ದಿನವೂ ಹಚ್ಚಿಲ್ಲ. ನಾನು ಹಚ್ಚಿದ್ರೆ ಯಾಕೆ ಅಂತ ಕೇಳ್ತಾರೆ. ನೀನು ಹಚ್ಚಿದ್ರೆ ಯಾರೂ ಕೇಳಲ್ಲ, ನಿನ್ ಹುಚ್ಚು ಊರಿಗೇ ಗೊತ್ತು. ಅವನಿಗೆ ನಾನು ಹೆಸ್ರೂ ಇಟ್ಟಿಲ್ಲ. ಏನಂತಾದ್ರೂ ಕರಿ.

ಕಲಾವತಿ


ಪುಟ್ಟೇನಹಳ್ಳಿ
೨೩ ಜನವರಿ, ಗುರುವಾರ

ರಕ್ಷಾ,

ನಾಗೇಶ ಒಬ್ನೇ ಬಂದ. "ಗಾಡಿ ಸಿಗ್ನಲ್ಲಿಗೆ ನಿಂತಾಗ ಚಿಕ್ಕಬಾಣಾವರದಲ್ಲೇ ಇಳಿದು ಹೋದಳು" ಅಂದ. ಅತ್ತೆ ರಂಪ ಎತ್ತವ್ರೆ. ಅದು ಬಿಡು.

ಸಂಜೆ ನಾವೆಲ್ಲ ಪೂಜೆ ಸಾಮಾನು ತರೋಕೆ ಯಲಹಂಕ ಸಂತೆಗೆ ಹೋಗಿದ್ವಿ. ಬಂದಾಗ ಹಿತ್ತಲ ಗೇಟು ತೆಗೆದಿತ್ತು. ನೀನಾ? ಬಂದಿದ್ಯಾ? ಗುಂಡಿ ಸುತ್ತ ಹುಡುಕ್ದೆ. ಜಲ್ಲಿ ರಾಶಿ ಬಿದ್ದೈತೆ, ಏನೂ ಕಾಣಲ್ಲ. ಗೇಟು ನಿಮ್ ಭಾವನೇ ತೆಗೆದಿದ್ರೋ ಏನೋ.

ಹಚ್ಚಿದ್ಯಾ ಇಲ್ವಾ, ಅಷ್ಟು ಹೇಳು. ಬೆಳಿಗ್ಗೆ ಪೂಜೆಗೆ ನಾನೇ ಅರಿಶಿಣ ಕುಂಕುಮ ಹಾಕ್ಬೇಕು.

ಕಲಾವತಿ


ಚಿಕ್ಕಬಾಣಾವರ
೨೪ ಜನವರಿ, ಶುಕ್ರವಾರ

ಕಲಾವತಿಯವರಿಗೆ,

ಈ ಹೊತ್ತಿಗೆ ನಿಮ್ಮ ಗುದ್ದಲಿ ಪೂಜಿ ಮುಗದಿರಬೇಕು. ಕಾಂಕ್ರೀಟ್ ಬಿದ್ದಿರಬೇಕು. ಬೀಳಲಿ ಅಂತನ ತಡಮಾಡಿ ಬರೀಲಿಕತ್ತೀನಿ.

ನಿನ್ನೆ ನಾ ತೋಪಿಗೆ ಹೋಗಿದ್ದೆ. ನಮ್ಮ ಅವ್ವನ್ನ ಕರಕೊಂಡು ಕೆರಿ ಆಚೆ ಹೋಗಿ ಒಂದೊಂದೇ ಗಿಡ ಮುಟ್ಟಿ ನೋಡಿದೆ. ಯಾವ ಗಿಡನೂ ಏನೂ ಹೇಳ್ಲಿಲ್ಲ. ಅವ್ವ, "ಎಲ್ಲಾದಕ್ಕೂ ಒಂದೊಂದು ಹಚ್ಚು ಮಗಳ" ಅಂದಳು. ಅಷ್ಟು ಎಣ್ಣಿ ನಮ್ಮ ಕೂಡ ಇರ್ಲಿಲ್ಲ. ಅವ್ವನ ಮುಂದ ಇದೇ ಗಿಡ ಅಂತ ಗುರುತು ಸಿಕ್ಕಂಗ ಮಾಡಿ ಒಂದು ದೀಪ ಹಚ್ಚಿ, ಆಕಿನ ಮನಿಗೆ ಕರಕೊಂಡು ಬಂದೆ. ಆಕಿ ಸಮಾಧಾನದಿಂದ ಉಂಡಳು. ನಿಮ್ಮಿಂದ ಕಲ್ತದ್ದು.

ನಿಮ್ಮ ಮೈದುನ ದಿನಾ ಬಂದು ಗೇಟಿನಾಗ ನಿಂದ್ರಲಿ, ನಾ ಬರೂದಿಲ್ಲ. ನೀಲಿ ಸೀರಿ ಗಾಡ್ಯಾಗ ಬಿಟ್ಟು ಬಂದೀನಿ.

ನಿಮ್ಮ ಮಗನ ಮಾತು ಓದಿ ನನಗ ಕರಳು ಹರೀಲಿಲ್ಲ ಅಂದ್ರ ಸುಳ್ಳಾಗ್ತದ. ಭಾಳ ಅತ್ತೆ. ಒಂದು ಮಾತು ಅಂದಿದ್ರ ಇಬ್ಬರೂ ಕೂತು ಎರಡು ದೀಪ ಹಚ್ಚಬಹುದಿತ್ತು, ಆ ಬುಡದಾಗ ಜಾಗ ಇತ್ತು. ನೀವು ಅನ್ಲಿಲ್ಲ. ಜೆಸಿಬಿ ಹುಡುಗ ಸೈತ ಕೇಳಿದ, ಆಗೂ ಅನ್ಲಿಲ್ಲ.

ದೀಪ ಹಚ್ಚಿದ್ಯಾ ಅಂತ ಕೇಳೀರಿ. ಹಚ್ಚೀನಿ. ಗುರುವಾರ ಸಂಜಿ, ಗುಂಡಿಯ ಬಲಗಡಿ ಮೂಲ್ಯಾಗ, ಬೇರು ತುಂಡಾಗಿ ಉಳದದಲ್ಲ, ಅಲ್ಲೇ. ಹೆಸರು ಹಿಡದು ಕರದೆ. ಭಾಳ ಹೊತ್ತು ಉರೀತು.

ಖರೇನೋ ಸುಳ್ಳೋ ಅಂತ ಕೇಳಬ್ಯಾಡ್ರಿ, ಯಾವ ಹೆಸರು ಅಂತಲೂ ಕೇಳಬ್ಯಾಡ್ರಿ. ಇನ್ನ ನಿಮ್ಮ ಪತ್ರ ನಾ ತೆಗೆಯೂದಿಲ್ಲ. ನಂಬಿ ಒಂದು ತುತ್ತು ಉಣ್ರಿ. ನಾ ಉಂಡಿದ್ದೆ.

ರಕ್ಷಾ